ಅತ್ಯುನ್ನತ ಗೌರವಗಳೊಂದಿಗೆ

ಆ ಸೆಪ್ಟೆಂಬರಿನಲ್ಲಿ ಮಳೆ ಬಂದ ಮೇಲೆ
ತಗಡಿನ ಮಾಡಿಂದಿಳಿದ ನೀರು ಕುಡಿಯಬಹುದೇ ಎಂದು
ಕೇಳಿಕೊಂಡು ಬಂದವಳು ನನ್ನ ಚಿಕ್ಕಮ್ಮ ಸಿನಲೇಯಿ.
ಅಪಿಯಾದ ಸರಕಾರಿ ಕಚೇರಿಯ ಮೆಟ್ಟಿಲ ಮೇಲೆ
ಹಾಲಿನ ಪುಡಿಯ ಡಬ್ಬಿಯಲ್ಲಿ ತೊಟ್ಟಿಯ ನೀರು ಹಿಡಿದು
ನಿಂತೇ ಇದ್ದಳು.
ನೀನು ಸರಕಾರದಲ್ಲಿದ್ದೀಯಲ್ಲ, ನೋಡಿ ಹೇಳು.

ನೋಡಿದೆ. ನೀರು ನೀರಿನ ಹಾಗೇ ಇತ್ತು.
ತಳದಲ್ಲಿ ಚೂರು ತುಕ್ಕು, ಒಂದು ಸೊಳ್ಳೆಮರಿ.

ನಾನು ಸರಕಾರದಲ್ಲಿ ಟೈಪಿಸ್ಟು.
ಆಗ ನಮ್ಮ ದೇಶಕ್ಕೆ ನಾಲ್ಕು ವರ್ಷ,
ಹಾಲುಹಲ್ಲು ಬಿದ್ದಿರಲಿಲ್ಲ.
ವಿದೇಶಾಂಗ ಎಂದರೆ ಎರಡು ಮೇಜು, ಒಂದು ಕಪಾಟು,
ಕಪಾಟಿನ ಬೀಗದ ಕೈ
ಕಾರ್ಯದರ್ಶಿ ಲೆಯವಾಸರ ಸೊಂಟದ ಗಂಟಿನಲ್ಲಿ.

ದೂರ ಮೂಡಣಕ್ಕೆ, ನಾವ್ಯಾರೂ ಕಾಣದ ಹವಳದ ದಿಬ್ಬದಲ್ಲಿ
ಯಾರೋ ಒಂದು ಸೂರ್ಯನನ್ನು ಕಟ್ಟಿ, ಬಿಚ್ಚಿದ್ದರು.
ಮೊದಲು ಗಾಳಿ ಬಂತು. ಹಿಂದೆಯೇ ಮಳೆ.
ಎಲ್ಲ ಆದ ಮೇಲೆ ತಂತಿ.

ಪ್ರತಿಭಟನೆಯ ಪತ್ರ ಹೋಗಬೇಕಿತ್ತು.
ಮೊದಲ ಕರಡಿನಲ್ಲಿ 'ಖಂಡಿಸುತ್ತದೆ' ಎಂದಿತ್ತು.
ಲೆಯವಾಸ ಕನ್ನಡಕ ತೆಗೆದು 'ವಿಷಾದಿಸುತ್ತದೆ' ಎಂದು ತಿದ್ದಿದರು.
ವೆಲಿಂಗ್ಟನ್ನಿನ ಸಲಹೆಗಾರ ಕುತ್ತಿಗೆಯ ಬೆವರೊರೆಸುತ್ತ
'ಕಳವಳದಿಂದ ಗಮನಿಸುತ್ತದೆ' ಸಾಕು ಎಂದ.
ಖಂಡಿಸಲು ಹಡಗು ಬೇಕು,
ವಿಷಾದಿಸಲು ರಾಯಭಾರಿಯಾದರೂ ಬೇಕು,
ಗಮನಿಸಲು ಎರಡು ಕಣ್ಣಿದ್ದರೆ ಆಯಿತು.
ಸಲ ಸಲವೂ ಹಾಳೆ ಕಿತ್ತು, ಮಸಿಕಾಗದ ಹೊಂದಿಸಿ
ಐದು ಪ್ರತಿ.
ಬೆರಳಿನ ನೀಲಿ ಮಧ್ಯಾಹ್ನದ ಕೆಸುವಿನ ಗೆಡ್ಡೆಗೂ ಹತ್ತಿತು.

ನಮ್ಮಲ್ಲಿ ಒಂದು ಪದ್ಧತಿಯಿದೆ.
ಒಂದು ಮನೆಯವನು ಇನ್ನೊಂದು ಮನೆಯವನನ್ನು ಕೊಂದರೆ
ಕೊಂದ ಮನೆಯ ಹಿರಿಯ, ಬೆಳಕು ಹರಿಯುವ ಮೊದಲೇ,
ಸತ್ತವನ ಅಂಗಳಕ್ಕೆ ಬಂದು ಕೂರುತ್ತಾನೆ.
ಹೆಂಗಸರು ವರ್ಷಗಟ್ಟಲೆ ಹೆಣೆದ ನವುರು ಚಾಪೆ ತಲೆಗೆ ಹೊದ್ದು,
ಮುಂದೆ ಕಲ್ಲು, ಸೌದೆ:
ಸುಡುವುದಾದರೆ ಸುಡಿ, ಎಬ್ಬಿಸುವುದಾದರೆ ಎಬ್ಬಿಸಿ.
ಮಾತಿಲ್ಲ. ಬಿಸಿಲೇರುತ್ತದೆ. ನಾಯಿ ಬಂದು ಮೂಸುತ್ತದೆ.
ಒಳಗಿನವರು ಅಳುತ್ತಾರೆ, ಕೂಗಾಡುತ್ತಾರೆ, ಕತ್ತಿ ಹುಡುಕುತ್ತಾರೆ,
ಕೊನೆಗೆ ಒಬ್ಬರು ಬಂದು ಚಾಪೆ ಎತ್ತುತ್ತಾರೆ.
ನನ್ನಜ್ಜ ಒಂದು ಸಲ ಸಂಜೆಯವರೆಗೂ ಎತ್ತಲಿಲ್ಲ.

ಇದನ್ನು ಪತ್ರದಲ್ಲಿ ಎಲ್ಲಿ ಹಾಕುವುದು? ಮೂರನೆಯ ಪ್ಯಾರಾದಲ್ಲೇ?
ಟೈಪ್ ಮಾಡುತ್ತಲೇ ಕಲ್ಪಿಸಿಕೊಂಡೆ,
ಆ ದೇಶದ ಯಾರೋ ಅಧಿಕಾರಿ, ಇಸ್ತ್ರಿಯ ಪ್ಯಾಂಟಿನ ಮಂಡಿ ಮಡಿಸಿ
ಸಿನಲೇಯಿಯ ತೊಟ್ಟಿಯ ಪಕ್ಕ ಕೂತಂತೆ.
ಅವನನ್ನು ಮುಚ್ಚುವಷ್ಟು ಚಾಪೆ ಹೆಣೆಯಲು
ಎಷ್ಟು ಹೆಂಗಸರು, ಎಷ್ಟು ವರ್ಷ.

ಕಡೆಯ ಸಾಲು ಎಲ್ಲ ಪತ್ರಕ್ಕೂ ಒಂದೇ, ಬೆರಳಿಗೆ ಬಾಯಿಪಾಠ:
'ತಮ್ಮ ಬಗೆಗಿನ ಅತ್ಯುನ್ನತ ಗೌರವದ ಭರವಸೆಯನ್ನು ನವೀಕರಿಸಲು
ಈ ಸುಸಂದರ್ಭವನ್ನು ಬಳಸಿಕೊಳ್ಳುತ್ತದೆ.'
ಯಾವ ಸುಸಂದರ್ಭ, ಎಂದೆ.
ಲೆಯವಾಸ ಕಿಟಕಿಯಾಚೆ ನೋಡಿದರು. ಮೋಡ ಕಟ್ಟುತ್ತಿತ್ತು.
ಅದು ವ್ಯಾಕರಣ ಫುವಾಟಿನೊ, ಎಂದರು.

ಪ್ಯಾರಿಸ್ಸಿನಲ್ಲಿ ನಮಗೆ ಕಚೇರಿಯಿರಲಿಲ್ಲ.
ಪತ್ರ ಇನ್ನೊಬ್ಬರ ಚೀಲದಲ್ಲಿ ಹೋಗಿ, ಇನ್ನೊಬ್ಬರ ಬಾಗಿಲು ತಟ್ಟಿ
ಮುಟ್ಟುವಷ್ಟರಲ್ಲಿ ಮತ್ತೊಂದು ಸಿಡಿದಿತ್ತು.
ಉತ್ತರ ಬಂತು. ಗಮನಿಸಲಾಗಿದೆ.
ಕೆಳಗೆ, ಅತ್ಯುನ್ನತ ಗೌರವ, ಅವರದೂ.

ಆದರೆ ಅವತ್ತು, ಮೆಟ್ಟಿಲ ಮೇಲೆ,
ಡಬ್ಬಿ ಹಿಡಿದು ನಿಂತವಳಿಗೆ ನಾನು ಹೇಳಿದ್ದು:
ಚೆನ್ನಾಗಿ ಕುದಿಸಿ ಕುಡಿ.
ಕುದಿಸಿದರೆ ಹೋಗುವಂಥದ್ದಲ್ಲ ಅದು.
ಗೊತ್ತಿತ್ತು. ಎರಡನೆಯ ಪ್ಯಾರಾ ನಾನೇ ಟೈಪ್ ಮಾಡಿದ್ದೆ.

ರಾತ್ರಿ ನಿದ್ದೆ ಹತ್ತಲಿಲ್ಲ.
ಕೋಳಿ ಕೂಗುವ ಮೊದಲೇ ಎದ್ದು ಅವಳ ಅಂಗಳಕ್ಕೆ ಹೋದೆ.
ಹನಿಯುತ್ತಿತ್ತು. ಚಾಪೆ ತಂದಿರಲಿಲ್ಲ,
ಚೀಲದಲ್ಲಿದ್ದ ಐದನೆಯ ಪ್ರತಿಯನ್ನೇ ತಲೆಗೆ ಹಿಡಿದು
ತೊಟ್ಟಿಯ ಪಕ್ಕ ಕುಕ್ಕರಿಸಿದೆ.

ಅವಳು ಬಂದು ಕಾಗದ ಸರಿಸಿ ಮುಖ ನೋಡಿದಳು.
ಏನೇ ಹುಚ್ಚಿ, ನೆನೀತಿದ್ದೀಯ, ಒಳಗೆ ಬಾ,
ಕೋಕೋ ಇಟ್ಟಿದ್ದೇನೆ.
ನೀನು ಹೇಳಿದ ಹಾಗೇ, ಚೆನ್ನಾಗಿ ಕುದಿಸಿದ್ದೇನೆ.

ಕುಡಿದೆ.