ಉಂಡೆಯಾಗದ್ದು

ಜುಲೈ. ಫಹಾಹೀಲಿನ ಮೂರನೇ ಮಹಡಿ.
ಬಾಗಿಲ ಹಿಂದಿನ ಮೊಳೆಯಲ್ಲಿ ಇನ್ನೂ
ನನ್ನ ಕಿತ್ತಳೆ ಜಾಕೆಟ್ಟು, ತೋಳು ಉಬ್ಬಿಸಿಕೊಂಡು,
ಊಟಕ್ಕೆ ಕರೆದು ಮರೆತ ನೆಂಟನ ಹಾಗೆ.
ನಲ್ಲಿ ತಿರುಗಿಸಿದರೆ ಕುದಿನೀರು;
ಗೀಸರ್ ಆರಿಸಿಟ್ಟು, ಅದರ ಹೊಟ್ಟೆಯಲ್ಲಿದ್ದುದನ್ನೇ
ತಣ್ಣೀರೆಂದು ಮೀಯುವ ಕಾಲ.

ಫೆಬ್ರವರಿಯ ರಜೆಗೆ ನಾವು ನಾಲ್ವರು
ಹೊಕ್ಕೈಡೋಗೆ ಹೋದದ್ದು ಹುಚ್ಚೇ ಸರಿ.
ಎರಡು ವರ್ಷ ಚೀಟಿ ಹಾಕಿ ಕೂಡಿಸಿದ ದಿನಾರು.
ಕ್ರೇನಿನ ಇಲ್ಯಾಸ್, ಲ್ಯಾಬಿನ ವಾರಿಜಾ ಕುಂದರ್,
ಲೆಕ್ಕ ಬರೆಯುವ ಸಿಪ್ರಿಯನ್, ನಾನು.
"ಆ ದುಡ್ಡಿಗೆ ಒಂದು ಬಾವಿ ತೋಡಿಸಬಹುದಿತ್ತು,"
ಎಂದರಂತೆ ಸಿಪ್ರಿಯನ್‌ನ ಅತ್ತೆ.
"ಬಾವಿಯಲ್ಲಿ ಜಾರಿದರೆ ಮೇಲೆ ಬರಲಿಕ್ಕಾಗುತ್ತದೆಯೇ?"
ಎಂದನಂತೆ ಇವನು.

ಆ ಹಿಮ ನೀರಿನ ಜಾತಿಯದೇ ಅಲ್ಲ.
ಹಿಡಿದರೆ ಉಂಡೆಯಾಗದು, ಊದಿದರೆ ಹಾರುವುದು,
ಜರಡಿಯಿಂದ ಈಗಷ್ಟೇ ಇಳಿದ ಅಕ್ಕಿಹಿಟ್ಟು.
ವಾರಿಜಾ ಚಿಟಿಕೆ ತೆಗೆದು ನಾಲಿಗೆಗಿಟ್ಟು
"ಉಪ್ಪೂ ಇಲ್ಲ, ಬೆಲ್ಲವೂ ಇಲ್ಲ," ಎಂದಳು, ದೂರು ಕೊಡುವವಳಂತೆ.
ಬಿದ್ದರೆ ಸದ್ದಿಲ್ಲ. ಬಿದ್ದದ್ದಕ್ಕೆ ಬಯ್ಯುವವರೂ ಇಲ್ಲ.
ಸೊಂಟದವರೆಗೆ ಹೂತ ಸಿಪ್ರಿಯನ್ ಏಳಲೊಲ್ಲದೆ
ಹಲಗೆಯ ಬಾಡಿಗೆಯನ್ನು ಯೆನ್ನಿಂದ ದಿನಾರಿಗಿಳಿಸಿ
ಅಲ್ಲಿಂದಲೇ ಕೂಗಿ ಹೇಳುತ್ತಿದ್ದ.

ಮೂರನೆಯ ಮಧ್ಯಾಹ್ನ ಬೆಳಕು ಕೆಟ್ಟಿತು.
ಮೇಲು ಕೆಳಗು ಎಂಬುದು ಅಳಿಸಿಹೋಯಿತು.
ಎಂಬತ್ತು ಮೀಟರ್ ಎತ್ತರದಲ್ಲಿ ಒಬ್ಬನೇ ಕೂತು
ಉಕ್ಕಿನ ತೊಲೆ ಇಳಿಸುವ ಇಲ್ಯಾಸ್
ಇಳಿಜಾರಿನ ನೆತ್ತಿಯಲ್ಲಿ ಕುಕ್ಕರಿಸಿಬಿಟ್ಟ:
"ನೆಲ ಕಾಣದೆ ನಾನು ಏನನ್ನೂ ಇಳಿಸುವುದಿಲ್ಲ.
ನನ್ನನ್ನಂತೂ ಇಲ್ಲವೇ ಇಲ್ಲ."

ಆಮೇಲೆ ಹೆಸರು ಕೂಗುತ್ತ ಇಳಿದೆವು,
ಒಂದು ದನಿಯಿಂದ ಇನ್ನೊಂದಕ್ಕೆ ಹತ್ತು ಮಾರು.
ಸಿಪ್ರಿಯನ್? ಓ.
ವಾರಿಜಾ? ಓ.
ಇಲ್ಯಾಸ್?
ಸ್ವಲ್ಪ ತಡೆದು, ಓ.
ನನ್ನನ್ನು ಕೂಗುವ ಪಾಳಿ ಅವನದು.

ಇವತ್ತು ಸಂಜೆ ಮೂವತ್ತನೇ ನಂಬರಿನ ಹೆದ್ದಾರಿಯಲ್ಲಿ
ತೋಜ್ ಎದ್ದಿತು. ಇಲ್ಲಿನ ದೂಳಿಗೆ ಅದೇ ಹೆಸರು.
ಮುಂದಿನ ಕಾರಿನ ಕೆಂಪು ದೀಪ ನುಂಗಿತು,
ಆಮೇಲೆ ರಸ್ತೆ, ಆಮೇಲೆ ನನ್ನದೇ ಬಾನೆಟ್ಟು.
ಅಂಚಿಗೆ ನಿಲ್ಲಿಸಿ ಗಾಜು ಏರಿಸಿ ಕೂತೆ.
ಗಾಜು ಏರಿಸುವಷ್ಟರಲ್ಲಿ ಒಳಗೆ ಬಂದದ್ದು
ಅಂಗೈಯಲ್ಲಿ ಹಿಡಿದು ನೋಡಿದೆ:
ಇದೂ ಉಂಡೆಯಾಗದು.

ಸಿಪ್ರಿಯನ್ ಊರಿನಲ್ಲಿ, ಬಾವಿ ತೋಡಿಸುತ್ತಿದ್ದಾನೆ.
ವಾರಿಜಾಳಿಗೆ ರಾತ್ರಿಪಾಳಿ.
ಇಲ್ಯಾಸನ ಕಂಪನಿ ಏಪ್ರಿಲ್‌ನಲ್ಲೇ ಮುಚ್ಚಿತು; ಕತಾರಿಗೆ ಹೋದವನ
ಹೊಸ ನಂಬರು ಇನ್ನೂ ಬಂದಿಲ್ಲ.

ಮುಚ್ಚಿದ ಕಾರಿನೊಳಗೆ, ಹಲ್ಲಿನ ನಡುವೆ ಕರಕರ,
ಸಿಪ್ರಿಯನ್, ಎಂದೆ.
ವಾರಿಜಾ, ಎಂದೆ.
ಇಲ್ಯಾಸ್, ಎಂದು
ಸ್ವಲ್ಪ ತಡೆದೆ.