ಎದ್ದಿದೆ

ವಾಕಿಟಾಕಿಯಲ್ಲಿ ಜೋವಿಟಾ ಮೇಡಂದು ಒಂದೇ ಮಾತು:
ಎದ್ದಿದೆ.
ಅಂದರೆ ಚೆನ್ನೈ ನೆಲ ಬಿಟ್ಟಿದೆ.
ಅಲ್ಲಿಂದ ನನಗೆ ಒಂದು ಗಂಟೆ ಇಪ್ಪತ್ತು ನಿಮಿಷ.

ಅಷ್ಟರೊಳಗೆ ಡಬ್ಬಿ ಬಿಚ್ಚಿ ತಣ್ಣಗಾದ ಮುದ್ದೆ ಮುರಿಯಬೇಕು,
ಮುದ್ದೆಯನ್ನು ಅಗಿಯುವಂತಿಲ್ಲ, ಪುಣ್ಯಕ್ಕೆ ಹೊತ್ತು ಉಳಿಯುತ್ತದೆ.
ಪಟಾಕಿ ಚೀಲ ಹೆಗಲಿಗೆ ಹಾಕಿ
ಮಂಡಕಳ್ಳಿಯ ಈ ತುದಿಯಿಂದ ಆ ತುದಿಗೆ
ಎರಡು ಸಾವಿರದ ಮುನ್ನೂರು ಹೆಜ್ಜೆ.
ಹದ್ದು, ಬೆಳ್ಳಕ್ಕಿ, ಒಂದೊಂದು ದಿನ ನವಿಲು,
ಎಲ್ಲರಿಗೂ ಹೇಳಬೇಕು: ಏಳ್ರಪ್ಪ, ದೊಡ್ಡದು ಬರ್ತಾ ಐತೆ.

ಆಫೀಸಿನ ಗೋಡೆಯ ನಕ್ಷೆಯಲ್ಲಿ ಎರಡು ಚುಕ್ಕಿ, ಒಂದು ಗೆರೆ,
ಗೆರೆಯ ಮೇಲೆ ನಾನೂರಕ್ಕೆ ಸ್ವಲ್ಪ ಕಮ್ಮಿ ಅಂಕಿ.
ಆ ಗೆರೆಗೆ ತಿರುವಿಲ್ಲ, ಟೀ ಅಂಗಡಿಯಿಲ್ಲ,
ರೈಲು ಹೋಗಲೆಂದು ಗೇಟಿನಲ್ಲಿ ನಿಲ್ಲುವುದಿಲ್ಲ.
ಇಷ್ಟು ನೇರ ಯಾರು ಹೋಗ್ತಾರೆ ಮೇಡಂ? ಕೇಳಿದೆ.
ಯಾರೂ ಇಲ್ಲ ಪುಟ್ಟಬುದ್ಧಿ, ಅಂದರು, ವಿಮಾನವೂ ಇಲ್ಲ,
ಗಾಳಿ ನೋಡಿ ವಾಲುತ್ತದೆ, ಮೋಡ ನೋಡಿ ಸುತ್ತುತ್ತದೆ.
ಗೆರೆ ಲೆಕ್ಕಕ್ಕೆ.

ನಮ್ಮಪ್ಪನ ಲೆಕ್ಕವೇ ಬೇರೆ.
ಒಂದು ಕೂಗಳತೆ, ಎರಡು ಕೂಗಳತೆ, ಆಮೇಲೆ ಹರದಾರಿ,
ಅದಕ್ಕೂ ಆಚೆಗಿನದಕ್ಕೆಲ್ಲ ಕೈ ಬೀಸಿ
ಅತ್ಲಾಗೆ, ಅನ್ನುತ್ತಿದ್ದ.
ಚೆನ್ನೈ ಅತ್ಲಾಗೆ.

ರನ್‌ವೇ ಅಂಚಿನ ಜಲ್ಲಿಯಲ್ಲಿ ತೇನೆಹಕ್ಕಿಯ ನಾಲ್ಕು ಮೊಟ್ಟೆ,
ಜಲ್ಲಿಯದೇ ಬಣ್ಣ.
ಇಪ್ಪತ್ತು ದಿನದಿಂದ ನೋಡುತ್ತಿದ್ದೇನೆ,
ರಿಜಿಸ್ಟರಿನಲ್ಲಿ ಬರೆದಿಲ್ಲ.
ಪಟಾಕಿ ಹೊಡೆದರೆ ಏಳುತ್ತದೆ, ನಾಲ್ಕೇ ಮಾರು ಮೇಲಕ್ಕೆ,
ನನ್ನ ವಂಶವನ್ನೆಲ್ಲ ಬೈಯುತ್ತ ಎರಡು ಸುತ್ತು ಸುತ್ತಿ
ಅದೇ ಜಲ್ಲಿಗೆ ಇಳಿಯುತ್ತದೆ.
ಎದ್ದ ಜಾಗವೇ ಇಳಿದ ಜಾಗ.
ಇದರ ದೂರ ಎಷ್ಟೆಂದು ಯಾವ ಗೋಡೆಯ ಮೇಲೆ ಬರೆಯಲಿ?

ಶುಕ್ರವಾರ ಹೋದಾಗ ಬರಿಯ ಚಿಪ್ಪು.
ಮರಿಗಳು ಟಾರಿನ ಮೇಲೆ,
ಕಡ್ಡಿಗೆ ಹತ್ತಿ ಸುತ್ತಿದ ಹಾಗೆ ನಾಲ್ಕು,
ಕೆರೆಯ ಕಡೆಗೆ ನಡೆದಿವೆ.
ಹಾರಲಾರದ್ದನ್ನು ಹಾರಿಸುವುದು ಹೇಗೆ?
ಪಟಾಕಿ ಹೊಡೆದರೆ ಅಲ್ಲೇ ಕುಕ್ಕರುಬಡಿಯುತ್ತವೆ.
ಚೀಲ ಕೆಳಗಿಟ್ಟೆ, ಟವೆಲ್ ಬಿಚ್ಚಿದೆ,
ಬೀಸಿದೆ ಮೆಲ್ಲಗೆ, ಮಗುವಿಗೆ ಗಾಳಿ ಹಾಕುವಷ್ಟು.
ನಾಲ್ಕು ಹೆಜ್ಜೆ ಇಡುತ್ತವೆ, ನಿಲ್ಲುತ್ತವೆ.
ನಾನೂ ನಿಲ್ಲುತ್ತೇನೆ.
ತಲೆಯ ಮೇಲೆ ತಾಯಿಯ ಬೈಗುಳ,
ಅದರ ಮೇಲೆ ಎಲ್ಲೋ ಒಂದು ಗುಂಯ್.

ಪುಟ್ಟಬುದ್ಧಿ, ರನ್‌ವೇ ಖಾಲಿಯಾ?
ಒಂದು ನಿಮಿಷ ಮೇಡಂ.
ಯಾಕೆ ಅಂತ ಕೇಳಲಿಲ್ಲ ಅವರು.
ಇನ್ನೊಮ್ಮೆ ಕೇಳಿದಾಗಲೂ ಒಂದು ನಿಮಿಷ ಅಂದೆ.
ವಿಮಾನ ರೆಕ್ಕೆ ವಾಲಿಸಿ
ಚಾಮುಂಡಿ ಬೆಟ್ಟದ ಕಡೆ ತಿರುಗಿತು.

ರನ್‌ವೇ ಅಗಲ ಮೂವತ್ತು ಮೀಟರ್.
ಕೊನೆಯ ಮರಿ ಹುಲ್ಲು ಮುಟ್ಟುವ ಹೊತ್ತಿಗೆ
ನನ್ನ ಬೆನ್ನು ಒದ್ದೆಯಾಗಿತ್ತು.

ಸಂಜೆ ತಡದ ಕಾರಣದ ಎದುರು ಮೇಡಂ ಹಕ್ಕಿ ಎಂದಷ್ಟೇ ಬರೆದರು,
ಪೆನ್ನು ಎತ್ತಿ ನನ್ನನ್ನು ನೋಡಿದರು, ಮುಚ್ಚಿದರು.
ಹೊರಗೆ ಯಾರೋ ಪೆಟ್ಟಿಗೆ ಎಳೆಯುತ್ತ ಫೋನಿನಲ್ಲಿ:
ಇಲ್ಲ ಕಣೆ, ಚೆನ್ನೈಯಿಂದ ಬೇಗನೇ ಬಂದ,
ಇಲ್ಲಿಗೆ ಬಂದ್ಮೇಲೇ ದೂರ ಆಗಿದ್ದು.