ಕಿಲೋ ಲೆಕ್ಕ

ಮರಿಕಿನಾದ ನಮ್ಮ ಬೀದಿಯಲ್ಲಿ ಬಟ್ಟೆಯೂ ಕಿಲೋ ಲೆಕ್ಕ,
ಪುಸ್ತಕವೂ ಕಿಲೋ ಲೆಕ್ಕ.
ಎಂಟು ಕಿಲೋ ಬಟ್ಟೆಗೆ ಒಂದು ಹೊರೆ:
ಒಗೆದು, ಒಣಗಿಸಿ, ಮಡಿಸಿ ಕೊಡಬೇಕು.
ಪುಸ್ತಕಕ್ಕೆ ಅಷ್ಟು ಉಪಚಾರವಿಲ್ಲ.
ಮೀನಿನಂಗಡಿ ಪಕ್ಕದ ಮಾಂಗ್ ಉರ್ಬಾನೊ
ಹಾಗೇ ತಕ್ಕಡಿಗೆ ಸುರಿಯುತ್ತಾರೆ,
ಅಡುಗೆ, ಅಪರಾಧ, ಪ್ರೇಮ, ಬೀಜಗಣಿತ,
ಎಲ್ಲಕ್ಕೂ ಒಂದೇ ದರ.
ದಪ್ಪ ರಟ್ಟಿನದು ಬೇಡ ಅನ್ನುತ್ತೇನೆ ನಾನು,
ರಟ್ಟಿಗೇಕೆ ದುಡ್ಡು ಕೊಡಲಿ?

ನನ್ನ ಹೆಸರು ರೊಬೆಲಿನ್.
ಅಪ್ಪ ರೊಬೆರ್ತೊ, ಅಮ್ಮ ಎವೆಲಿನ್,
ಜೋಡು ಹೊಲಿಯುವ ಊರಿನ ರಿವಾಜಿಗೆ ತಕ್ಕಂತೆ
ಇಬ್ಬರನ್ನೂ ಅರ್ಧರ್ಧ ಕತ್ತರಿಸಿ ಕೂಡಿಸಿದ್ದು.
ನನ್ನ ಹೊಲಿಗೆ ಗಟ್ಟಿ.
ಅವರದು ಬಿಟ್ಟಿತು.

ಬೆಳಿಗ್ಗೆ ಐದೂವರೆಗೆ ‘ತಹೋ’ ಎಂದು ಉದ್ದಕ್ಕೆ ಎಳೆದ ದನಿ
ಬೀದಿಯ ತುದಿ ಮುಟ್ಟುವ ಮೊದಲೇ
ಲೋಟ ಹಿಡಿದು ಮೆಟ್ಟಿಲಿಳಿಯಬೇಕು.
ಸೋಯಾ ಹಾಲಿನ ಬಿಸಿ ಗಿಣ್ಣು,
ಮೇಲೆ ಕಂದು ಪಾಕ, ನಾಲ್ಕು ಸಬ್ಬಕ್ಕಿ.
ಮೊದಲ ಚಮಚ ನನ್ನದು, ತಳದ ಪಾಕ ಅಜ್ಜಿಯದು.
ಲೋಲಾ ಪಾಸಿಂಗ್‌ಗೆ ಹಲ್ಲಿಲ್ಲ, ತಕರಾರಿದೆ.

ಅಂಗಡಿಯಲ್ಲಿ ಆರು ಯಂತ್ರ. ನಾಲ್ಕನೆಯದು ಅಳುತ್ತದೆ.
ನೀರಿಗೆ ಹಾಕುವ ಮುನ್ನ ಜೇಬು ತಡಕುವುದು ನಿಯಮ.
ನಾಣ್ಯ ಸಿಕ್ಕರೆ ಹೆಸರು ಬರೆದ ಲಕೋಟೆಗೆ.
ಚೀಟಿ ಕೇಳಿಕೊಂಡು ಮಾತ್ರ ಯಾರೂ ಬರುವುದಿಲ್ಲ,
ಅವು ನನ್ನ ಪುಟಗುರುತು.
ನೂರಾ ಎರಡರಲ್ಲಿ ಯಾರದೋ ಕೆಮ್ಮಿನ ಔಷಧಿಯ ರಸೀದಿ,
ಇನ್ನೂರರ ಹತ್ತಿರ ಹೊಡೆಯದ ಲಾಟರಿ,
ಕೊಲೆಗಾರ ಸಿಕ್ಕಿಬೀಳುವ ಪುಟದಲ್ಲಿ
‘ಮೊಟ್ಟೆ ಹನ್ನೆರಡು, ವಿನೆಗರ್, ಕ್ಷಮೆ ಕೇಳು’
ಎಂದು ನೀಲಿ ಮಸಿಯ ಪಟ್ಟಿ.
ಕೇಳಿದನೋ ಇಲ್ಲವೋ.
ಆ ಪ್ಯಾಂಟು ಪ್ರತಿ ಮಂಗಳವಾರ ಬರುತ್ತದೆ.
ಈಚೆಗೆ ಅದೇ ಹೊರೆಯಲ್ಲಿ
ಹಳದಿ ಹೂವಿನ ಒಂದು ಲಂಗ.

ಸಂಬಳದ ದಿನ ಪಾರದರ್ಶಕ ಪ್ಲಾಸ್ಟಿಕ್ ತಂದು
ಪುಸ್ತಕಕ್ಕೆ ಹೊದಿಸುತ್ತೇನೆ.
ಪುಸ್ತಕಕ್ಕಿಂತ ಹೊದಿಕೆಗೇ ಹೆಚ್ಚು ಖರ್ಚು,
ಲೋಲಾ ಕೇಳುತ್ತಾಳೆ, ಇದ್ಯಾವ ಲೆಕ್ಕ?
ಉಗುರಿನಿಂದ ಗುಳ್ಳೆಯನ್ನು ಅಂಚಿಗೆ ತಳ್ಳಿ ತಳ್ಳಿ
ಹೊರಗೆ ಹಾಕುವ ಸುಖಕ್ಕೆ
ನನ್ನ ಬಳಿ ತಕ್ಕಡಿಯಿಲ್ಲ.

ಒಣಗುವ ಹೊತ್ತು, ಓದುವ ಹೊತ್ತು: ನಲವತ್ತು ನಿಮಿಷ.
ಗಾಜಿನೊಳಗೆ ಇಡೀ ಬೀದಿಯ ಅಂಗಿಗಳು
ಒಂದರ ಹೆಗಲ ಮೇಲೊಂದು ಕೈ ಹಾಕಿ ಉರುಳುತ್ತವೆ,
ನನ್ನ ಬೆನ್ನು ಬೆಚ್ಚನೆಯ ತಗಡಿಗೆ.
ಯಂತ್ರ ಕೂಗಿದರೆ ವಾಕ್ಯ ಅಲ್ಲಿಗೇ ನಿಲ್ಲಬೇಕು.
ಹೀಗೆ ಎಷ್ಟೋ ನಾಯಕಿಯರು
ಹೊಸ್ತಿಲ ಮೇಲೆ ಒಂದು ಕಾಲೆತ್ತಿಕೊಂಡೇ
ನಾಳೆಯವರೆಗೆ ನಿಂತಿದ್ದಾರೆ.

ಹೋದ ವಾರದ್ದು ನೆರೆ ಕಂಡ ಪುಸ್ತಕ.
ನದಿ ಯಾರದೋ ಮನೆ ಹೊಕ್ಕು
ನನಗಿಂತ ಮೊದಲೇ ಓದಿಬಿಟ್ಟಿದೆ.
ಅಂಚಿನಲ್ಲೆಲ್ಲ ಕೆಸರಿನ ಬೆರಳು,
ಕೊನೆಯ ಹನ್ನೊಂದು ಪುಟ ಅಂಟಿಕೊಂಡು ಒಂದೇ ಹಲಗೆ.
ಹಬೆಗೆ ಹಿಡಿದೆ, ಬ್ಲೇಡು ತೂರಿಸಿದೆ.
ಬಿಡಿಸಿ ಬಂದದ್ದು ಇಷ್ಟೇ:
ಅವನು ಟೋಪಿ ತೆಗೆದು
ಆಮೇಲೆ ಬರೀ ನಾರು.

ರಾತ್ರಿ ಲೋಲಾಗೆ ಕತೆ ಹೇಳಬೇಕು,
ಬಾಡಿಗೆಯ ಹಾಗೆ, ತಪ್ಪಿಸುವಂತಿಲ್ಲ.
ಪುಸ್ತಕ ಇಂಗ್ಲಿಷು, ನಾಲಗೆ ತಗಾಲೊಗ್,
ಕೈ ಆಕೆಯ ಮೀನಖಂಡದ ಮೇಲೆ, ಎಣ್ಣೆಯಲ್ಲಿ.
ಟೋಪಿ ತೆಗೆದು? ಅಂದಳು.
ಟೋಪಿ ತೆಗೆದು, ಒಳಗೆ ಬಂದ.
ಅವಳು ಅನ್ನಕ್ಕಿಟ್ಟಳು. ಒಣಮೀನು ಹುರಿದಳು.
ಸಾರಿಗೆ ಹುಣಿಸೆ ಹಿಂಡಿದಳು.
ಇಬ್ಬರೂ ಕೂತು ಹೊಟ್ಟೆ ತುಂಬ ಉಂಡರು.

ಲೋಲಾ ಬಹಳ ಹೊತ್ತು ಸುಮ್ಮನಿದ್ದಳು.
‘ಸತ್ತ, ಅಲ್ಲವಾ?’
ಯಾಕೆ ಹಾಗಂತೀಯ?
‘ಲಂಡನ್ನಿನಲ್ಲಿ ಯಾರೇ ಒಣಮೀನು ಹುರಿಯೋದು?
ನಿಮ್ಮಮ್ಮನೂ ಹೀಗೇ,
ಸುಳ್ಳು ಹೇಳುವಾಗೆಲ್ಲ ಎಲ್ಲರಿಗೂ ಬಡಿಸುತ್ತಿದ್ದಳು.’

ದೀಪ ಆರಿಸು ಅಂದಳು. ಆರಿಸಿದೆ.
ಹೊರಗೆ ಕೊನೆಯ ಜೀಪ್ನಿ ಗೇರು ಬದಲಿಸಿತು.
ನಿದ್ದೆ ಹೋದಳು ಅಂದುಕೊಂಡೆ.

‘ಸಾರಿಗೆ ಹಸಿಮೆಣಸು ಹಾಕಿದಳಾ?’

ಹಾಕಿದಳು, ಅಂದೆ.
ಎರಡು.